ಮಿಶ್ರತಳಿ ಕರು ಚೆನ್ನಾಗಿ ತೂಗಿದೆ, ಅದನ್ನೇ ಬೀಜದ ಹೋರಿ ಮಾಡಬಹುದಾ?

ತಕ್ಕಡಿ
ಮಾಂಸದ ತಳಿಗಳ ಲೆಕ್ಕ ಬಲ್ಲವರಿಗೆ ಒಂದು ಪ್ರಶ್ನೆ. ಸುಲಭವಾಗಲಿ ಅಂತ ದುಂಡು ಅಂಕಿಗಳನ್ನೇ ಇಟ್ಟುಕೊಳ್ಳೋಣ. ತಾಯಿ ಹಸುಗಳೆಲ್ಲ ಶುದ್ಧ ಹೆರೆಫರ್ಡ್. ಅರ್ಧಕ್ಕೆ ಹೆರೆಫರ್ಡ್ ಹೋರಿ, ಉಳಿದರ್ಧಕ್ಕೆ ಆಂಗಸ್ ಹೋರಿ. ಹಾಲು ಬಿಡಿಸುವಾಗ ಶುದ್ಧ ಗಂಡುಗರುಗಳ ಸರಾಸರಿ 220 ಕೆ.ಜಿ., ಮಿಶ್ರ ಗಂಡುಗರುಗಳದು 232. ಆ ಮಿಶ್ರ ಗುಂಪಿನಲ್ಲೇ ಒಂದು ಗಂಡುಗರು 268 ತೂಗಿದೆ.

ಆ 12 ಕೆ.ಜಿ. ಆಂಗಸ್ ರಕ್ತದ್ದಾ, ಅಥವಾ ಎರಡು ತಳಿ ಕೂಡಿದ್ದರಿಂದ ಬಂದಿದ್ದಾ? 268ರ ಕರುವನ್ನು ಬೀಜಕ್ಕೆ ಉಳಿಸಿಕೊಂಡರೆ ಅದರ ಕರುಗಳೂ ಹಾಗೇ ಬೆಳೆಯುತ್ತವಾ?

ಮೂರನೇಸೂಲು
ಬೇಡ. ಬೀಜ ಒಡೆಸಿ, ಕೊಬ್ಬಿಸಿ. ಮಿಶ್ರತಳಿಯ ಹುರುಪು ಆ ಕರುವಿನ ಜೊತೆಗೇ ಮುಗಿಯುತ್ತೆ.

ಹಿಂಡುಲೆಕ್ಕ
ಉತ್ತರ ಸರಿ, ಕಾರಣ ಪೂರ್ತಿ ಬರಲಿಲ್ಲ. ಮಿಶ್ರತಳಿಯ ಹುರುಪು, ಅಂದರೆ ಹೈಬ್ರಿಡ್ ವಿಗರ್ ಅಥವಾ ಹೆಟರೋಸಿಸ್ ಅನ್ನೋದು ಒಂದು ಜೀನ್ ಅಲ್ಲ. ಒಂದೇ ಜಾಗದಲ್ಲಿ ಅಪ್ಪನಿಂದ ಒಂದು ಬಗೆ, ಅಮ್ಮನಿಂದ ಇನ್ನೊಂದು ಬಗೆ ಜೀನ್ ಬಂದು ಜೋಡಿಯಾದಾಗ ಸಿಗುವ ಲಾಭ ಅದು. ವೀರ್ಯಾಣುವಿಗೆ ಹೋಗೋದು ಜೋಡಿಯಲ್ಲಿ ಒಂದೇ. ಅಂದರೆ ಜೋಡಿ ಅಲ್ಲೇ ಒಡೆಯಿತು. ಹೋರಿ ದಾಟಿಸುವುದು ತನ್ನ ಜೀನುಗಳ ಅರ್ಧವನ್ನು, ತನ್ನ ಜೋಡಿಗಳನ್ನಲ್ಲ.

ಈಗ ಲೆಕ್ಕ. ಶುದ್ಧ ಆಂಗಸ್ ಕರುಗಳ ಸರಾಸರಿ ಅದೇ ಹುಲ್ಲುಗಾವಲಿನಲ್ಲಿ 224 ಅಂದುಕೊಳ್ಳಿ. ಎರಡು ತಳಿಗಳ ನಡುವಿನ ಸರಾಸರಿ 222. ಮಿಶ್ರ ಕರು 232. ಹಾಗಾಗಿ ಹೆಟರೋಸಿಸ್ 10 ಕೆ.ಜಿ., ಉಳಿದ 2 ಆಂಗಸ್‌ನದು.

ಗೊರಸು
ಇಲ್ಲಿ ಒಂದು ತಪ್ಪಿದೆ, ತುಂಬಾ ಜನ ಮಾಡೋ ತಪ್ಪು. ಆ 224 ತೂಗಿದ ಆಂಗಸ್ ಕರುಗಳು ಆಂಗಸ್ ತಾಯಿಯ ಹಾಲು ಕುಡಿದವು. ನಿಮ್ಮ 232ರ ಮಿಶ್ರ ಕರುಗಳು ಹೆರೆಫರ್ಡ್ ಹಾಲು ಕುಡಿದವು. ಹಾಲಿನ ವ್ಯತ್ಯಾಸವನ್ನೂ ನೀವು ಜೀನಿನ ಖಾತೆಗೇ ಹಾಕಿಬಿಟ್ಟಿರಿ.

ಉಲ್ಟಾ ಸಂಕರವೂ ಬೇಕು: ಹೆರೆಫರ್ಡ್ ಹೋರಿ, ಆಂಗಸ್ ಹಸು. ಆ ಕರುಗಳು 236 ತೂಗಿದವು ಅಂತಿಟ್ಟುಕೊಳ್ಳಿ. ಎರಡೂ ಮಿಶ್ರಗಳ ಸರಾಸರಿ 234. ಶುದ್ಧ ತಳಿಗಳೆರಡರ ಸರಾಸರಿ 222. ಹೆಟರೋಸಿಸ್ 12 ಕೆ.ಜಿ., ಶೇ. 5ಕ್ಕೆ ಸ್ವಲ್ಪ ಮೇಲೆ. 236ಕ್ಕೂ 232ಕ್ಕೂ ಇರುವ 4 ಕೆ.ಜಿ. ವ್ಯತ್ಯಾಸ ತಾಯಿಯ ಕಡೆಯದು. ಶುದ್ಧ ಆಂಗಸ್‌ಗೂ ಶುದ್ಧ ಹೆರೆಫರ್ಡ್‌ಗೂ ಇರುವ ವ್ಯತ್ಯಾಸವೂ ಅದೇ 4, ಅಲ್ವಾ? ಅಂದರೆ ಬೆಳವಣಿಗೆಯ ಜೀನಿನಲ್ಲಿ ಈ ಎರಡು ತಳಿಗಳಿಗೆ ವ್ಯತ್ಯಾಸ ಸೊನ್ನೆ. ತಕ್ಕಡಿಯವರ 12 ಕೆ.ಜಿ. ಪೂರ್ತಿ ಜೋಡಿಯ ಲಾಭ, ಆಂಗಸ್‌ನದು ಏನೂ ಇಲ್ಲ.

ಹಿಂಡುಲೆಕ್ಕ
ಒಪ್ಪಿದೆ. ತಾಯಿ ಪರಿಣಾಮ ಬಿಟ್ಟು ಲೆಕ್ಕ ಹಾಕಿದ್ದೆ. ನಿಮ್ಮದೇ ಸರಿ.

ಬಿಲ್ಲೆ41
ಅದೆಲ್ಲ ಇರಲಿ, 268 ತೂಗಿದಾಗ ಕರುವಿನ ವಯಸ್ಸೆಷ್ಟು? ಅದನ್ನು ಯಾರೂ ಕೇಳಲೇ ಇಲ್ಲ. ತಾಯಿ ಎಷ್ಟನೇ ಸೂಲಿನದು?

ತಕ್ಕಡಿ
ಹುಟ್ಟುತೂಕ 38, ತೂಗಿದ್ದು 228ನೇ ದಿನ, ತಾಯಿಗೆ 6 ವರ್ಷ ಅಂತಿಟ್ಟುಕೊಳ್ಳಿ. ಹೋಲಿಸೋಕೆ ಇನ್ನೊಂದು ಮಿಶ್ರ ಗಂಡುಗರು: ಹುಟ್ಟುತೂಕ 34, 190ನೇ ದಿನ 231 ಕೆ.ಜಿ., ತಾಯಿ 2 ವರ್ಷದ ಚೊಚ್ಚಲು ಕಡಸು.

ಬಿಲ್ಲೆ41
ಹಾಗಾದರೆ ಇಡೀ ಚರ್ಚೆಯೇ ತಿರುಗುತ್ತೆ. ಎಲ್ಲ ಕರುಗಳ ತೂಕವನ್ನೂ ಒಂದೇ ವಯಸ್ಸಿಗೆ, ಅಂದರೆ 205 ದಿನಕ್ಕೆ ಹೊಂದಿಸಿ ನೋಡಿ. ಸೂತ್ರ ಇದು: ಈಗಿನ ತೂಕದಲ್ಲಿ ಹುಟ್ಟುತೂಕ ಕಳೆದು, ವಯಸ್ಸಿನ ದಿನಗಳಿಂದ ಭಾಗಿಸಿ, 205ರಿಂದ ಗುಣಿಸಿ, ಹುಟ್ಟುತೂಕ ಮತ್ತೆ ಕೂಡಿಸಿ. ಕೊನೆಗೆ ತಾಯಿಯ ವಯಸ್ಸಿನ ಹೊಂದಾಣಿಕೆ.

ಮೊದಲನೆಯದು: 268 − 38 = 230. 228ರಿಂದ ಭಾಗಿಸಿದರೆ ದಿನಕ್ಕೆ 1.009 ಕೆ.ಜಿ. 205 ದಿನಕ್ಕೆ 207. ಹುಟ್ಟುತೂಕ ಸೇರಿಸಿದರೆ 245. ತಾಯಿ 5ರಿಂದ 10 ವರ್ಷದೊಳಗಿನದು, ಹೊಂದಾಣಿಕೆ ಇಲ್ಲ.

ಎರಡನೆಯದು: 231 − 34 = 197. ದಿನಕ್ಕೆ 1.037. 205 ದಿನಕ್ಕೆ 212.5, ಹುಟ್ಟುತೂಕ ಸೇರಿ 246.5. ತಾಯಿ 2 ವರ್ಷದ್ದು, ಗಂಡುಗರುವಿಗೆ 27 ಕೆ.ಜಿ. ಸೇರಿಸಬೇಕು. ಒಟ್ಟು ಸುಮಾರು 273.

ತಕ್ಕಡಿಯಲ್ಲಿ 37 ಕೆ.ಜಿ. ಹಿಂದಿದ್ದ ಕರು ಲೆಕ್ಕದಲ್ಲಿ 28 ಕೆ.ಜಿ. ಮುಂದಿದೆ! ಕಣ್ಣಳತೆಯಲ್ಲಿ ಹೋರಿ ಆರಿಸುವವರು ಪ್ರತಿ ಸಲ ಉಳಿಸಿಕೊಳ್ಳೋದು ಬೇಗ ಹುಟ್ಟಿದ, ನಡುವಯಸ್ಸಿನ ತಾಯಿಯ ಕರುವನ್ನೇ.

ಕೆಚ್ಚಲು
27 ಎಲ್ಲಿಂದ ಬಂತು?

ಬಿಲ್ಲೆ41
ಅಮೆರಿಕದ ಬೀಫ್ ಇಂಪ್ರೂವ್‌ಮೆಂಟ್ ಫೆಡರೇಶನ್ನಿನ ಸಾಮಾನ್ಯ ಕೋಷ್ಟಕದಿಂದ. ಅದು ಪೌಂಡಿನಲ್ಲಿದೆ. ಗಂಡುಗರುವಿಗೆ ತಾಯಿ 2 ವರ್ಷದ್ದಾದರೆ 60, 3 ವರ್ಷಕ್ಕೆ 40, 4 ವರ್ಷಕ್ಕೆ 20, 5ರಿಂದ 10ರವರೆಗೆ ಸೊನ್ನೆ, 11 ಮತ್ತು ಅದಕ್ಕೆ ಮೇಲಾದರೆ ಮತ್ತೆ 20. ಹೆಣ್ಣುಗರುವಿಗೆ 54, 36, 18, 0, 18. ಕೆ.ಜಿ.ಗೆ ಬೇಕಾದರೆ 2.2ರಿಂದ ಭಾಗಿಸಿ. ತಳಿ ಸಂಘಕ್ಕೆ ತನ್ನದೇ ಕೋಷ್ಟಕ ಇದ್ದರೆ ಅದನ್ನೇ ಬಳಸಿ. ಇನ್ನೊಂದು, ತೂಗುವಾಗ ಕರು 160ರಿಂದ 250 ದಿನದೊಳಗಿರಬೇಕು. ಅದರಾಚೆ ಈ ಸೂತ್ರ ನೆಟ್ಟಗೆ ನಿಲ್ಲಲ್ಲ, ಬೆಳವಣಿಗೆ ಸರಳರೇಖೆಯಲ್ಲಿ ಇರೋದಿಲ್ಲ.

ಹುಲ್ಲುಗಾವಲು
ಸೂತ್ರ ಸರಿ, ಆದರೆ ಗುಂಪು ಸರಿಯಿಲ್ಲದಿದ್ದರೆ ಯಾವ ಸೂತ್ರವೂ ಕಾಪಾಡಲ್ಲ. ಒಂದೇ ಋತುವಿನಲ್ಲಿ ಹುಟ್ಟಿ, ಒಂದೇ ಹುಲ್ಲಿನಲ್ಲಿ ಮೇದು, ಒಂದೇ ದಿನ ತೂಗಿದ, ಒಂದೇ ಲಿಂಗದ ಕರುಗಳನ್ನು ಮಾತ್ರ ಹೋಲಿಸಬೇಕು. ಬೀಜ ಒಡೆಸಿದ ಕರು ಬೇರೆ ಗುಂಪು. ತಾಯಿ ಹಾಲಿನ ಜೊತೆ ದಾಣಿ ತಿಂದದ್ದು ಬೇರೆ ಗುಂಪು. ಕಾಯಿಲೆ ಬಿದ್ದು ಎದ್ದದ್ದು ಬೇರೆ.

ಇನ್ನೊಂದು ದೊಡ್ಡ ತಪ್ಪು: ಚೆನ್ನಾಗಿರುವ ಕರುಗಳ ತೂಕ ಮಾತ್ರ ತಳಿ ಸಂಘಕ್ಕೆ ಕಳಿಸೋದು. ಸೋತ ಕರುಗಳನ್ನು ಬಿಟ್ಟರೆ ಗುಂಪಿನ ಸರಾಸರಿ ಮೇಲೇರುತ್ತೆ, ನಿಮ್ಮ ಒಳ್ಳೆಯ ಕರುವೇ ಸರಾಸರಿ ಕರುವಾಗಿ ಕಾಣುತ್ತೆ. ನಷ್ಟ ನಿಮಗೇ. ಇಡೀ ಹಿಂಡು ತೂಗಿ.

ದಪ್ಪಎಲುಬು
ಇಷ್ಟೆಲ್ಲ ಯಾಕೆ ಸ್ವಾಮಿ? ಒಳ್ಳೆ ಕರು ಕಣ್ಣಿಗೇ ಕಾಣುತ್ತೆ. ಇಪಿಡಿ (ಹೋರಿ ತನ್ನ ಕರುಗಳಿಗೆ ಎಷ್ಟು ದಾಟಿಸುತ್ತೆ ಅನ್ನೋ ಅಂದಾಜಿನ ಅಂಕಿ) ಕಾಗದದ ಮೇಲಿನ ಮಾತು. ತೂಕ ಇದ್ದರೆ ಜೀನ್ ಇದೆ.

ಹಿಂಡುಲೆಕ್ಕ
ತೂಕ ಇದ್ದರೆ ಜೀನ್ ಇದೆ ಅನ್ನೋದು ಕಾಲುಭಾಗ ನಿಜ. ಕಾಲುಭಾಗ ಅನ್ನೋದು ಅಂಕಿ, ಮಾತಿನ ಅಲಂಕಾರ ಅಲ್ಲ. ಹಾಲು ಬಿಡಿಸಿದ ತೂಕದ ಹೆರಿಟಬಿಲಿಟಿ (ಕರುಕರುಗಳ ನಡುವಿನ ವ್ಯತ್ಯಾಸದಲ್ಲಿ ಜೀನಿನ ಪಾಲು) ಹೆಚ್ಚಿನ ಅಧ್ಯಯನಗಳಲ್ಲಿ 0.2ರಿಂದ 0.3. ಹುಟ್ಟುತೂಕ ಮತ್ತು ವರ್ಷದ ತೂಕಕ್ಕೆ 0.4ರ ಸುತ್ತ.

ನಿಮ್ಮ 268ರ ಕರುವನ್ನೇ ತಗೊಳ್ಳಿ. ಹೊಂದಿಸಿದ ತೂಕ 245. ಗುಂಪಿನ 232 ಕೂಡ ಹೊಂದಿಸಿದ ಸರಾಸರಿ ಎಂದಾದರೆ, ಇದು 13 ಕೆ.ಜಿ. ಮೇಲಿದೆ. 0.25ರಿಂದ ಗುಣಿಸಿದರೆ 3.25 ಕೆ.ಜಿ., ಅದು ಅದರ ತಳಿ ಮೌಲ್ಯದ, ಅಂದರೆ ಜೀನಿನಿಂದ ಬಂದ ಹೆಚ್ಚಳದ ಅಂದಾಜು. ಅದರಲ್ಲಿ ಅರ್ಧ ಕರುವಿಗೆ ದಾಟುತ್ತೆ: 1.6 ಕೆ.ಜಿ. ಕಣ್ಣಿಗೆ ಕಂಡ 36 ಕೆ.ಜಿ. ಕೊನೆಗೆ ಕರುವಿನ ಮೈಯಲ್ಲಿ ಒಂದೂವರೆ ಕೆ.ಜಿ. ಆಗಿ ಉಳಿಯಿತು. ಜೊತೆಗೆ ಇದನ್ನು ವಾಪಸ್ ಹೆರೆಫರ್ಡ್ ಹಸುಗಳಿಗೆ ಬಿಟ್ಟರೆ ಹೆಟರೋಸಿಸ್ 12ರಿಂದ 6ಕ್ಕೆ ಇಳಿಯುತ್ತೆ. 1.6 ಗಳಿಸಿ 6 ಕಳೆದುಕೊಂಡ ಹಾಗೆ.

ಮೂರನೇಸೂಲು
ಇದನ್ನೇ ನಾನು ಒಂದು ಸಾಲಿನಲ್ಲಿ ಹೇಳಿದ್ದು.

ಗೊರಸು
ಒಂದು ಸಾಲಿನಲ್ಲಿ ಹೇಳಿದ್ದು ಪೂರ್ತಿ ನಿಜವೂ ಅಲ್ಲ. ಆ ಆಂಗಸ್–ಹೆರೆಫರ್ಡ್ ಹೋರಿಯನ್ನು ಸಿಮೆಂಟಲ್ ಹಸುಗಳಿಗೆ ಬಿಟ್ಟರೆ? ಕರುವಿಗೆ ಅಪ್ಪನಿಂದ ಆಂಗಸ್ ಅಥವಾ ಹೆರೆಫರ್ಡ್ ಜೀನ್, ಅಮ್ಮನಿಂದ ಸಿಮೆಂಟಲ್. ಪ್ರತಿ ಜೋಡಿಯೂ ಬೇರೆ ಬೇರೆ ತಳಿಯದು, ಕರುವಿನ ಹೆಟರೋಸಿಸ್ ನೂರಕ್ಕೆ ನೂರು. ಮಿಶ್ರ ಹೋರಿ ಬೇಡವೇ ಬೇಡ ಅನ್ನೋದು ಹಳೇ ಮಾತು. ಯಾವ ಹಸುವಿಗೆ ಬಿಡ್ತೀರಿ ಅನ್ನೋದರ ಮೇಲೆ ಇದೆ.

ಕೆಚ್ಚಲು
ಪೀಳಿಗೆಯಿಂದ ಪೀಳಿಗೆಗೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಇದೆಯಾ?

ಗೊರಸು
ಇದೆ, ಸುಲಭವೂ ಇದೆ. ಹಲವು ತಳಿ ಬೆರೆಸಿ ಆ ಹಿಂಡಿನೊಳಗೇ ಕೂಡಿಸುತ್ತಾ ಹೋದರೆ: ಪ್ರತಿ ತಳಿಯ ಪಾಲನ್ನು ವರ್ಗ ಮಾಡಿ, ಎಲ್ಲ ಕೂಡಿಸಿ, ಒಂದರಿಂದ ಕಳೆಯಿರಿ. ಎರಡು ತಳಿ ಅರ್ಧರ್ಧ ಇದ್ದರೆ ಶೇ. 50 ಉಳಿಯುತ್ತೆ. ನಾಲ್ಕು ತಳಿ ಕಾಲುಕಾಲು ಇದ್ದರೆ ಶೇ. 75. ಅಮೆರಿಕದ ನೆಬ್ರಾಸ್ಕದ ಕ್ಲೇ ಸೆಂಟರ್‌ನಲ್ಲಿರುವ ಮಾಂಸಪಶು ಸಂಶೋಧನಾ ಕೇಂದ್ರ ಕಟ್ಟಿದ ಮಾರ್ಕ್ 2 ಅನ್ನೋ ಸಂಯುಕ್ತ ತಳಿ ಹೀಗೇ: ಸಿಮೆಂಟಲ್, ಗೆಲ್‌ಬ್‌ವೀ, ಹೆರೆಫರ್ಡ್, ಆಂಗಸ್ ಕಾಲುಕಾಲು. ಬ್ರಾಂಗಸ್‌ನಲ್ಲಿ ಆಂಗಸ್ 5/8, ಡುಬ್ಬದ ತಳಿಯಾದ ಬ್ರಾಹ್ಮನ್ 3/8, ಉಳಿಯೋದು ಶೇ. 47.

ಎರಡು ತಳಿಯ ಹೋರಿಗಳನ್ನು ಪೀಳಿಗೆಗೊಂದರಂತೆ ಅದಲುಬದಲು ಮಾಡಿದರೆ ಕೊನೆಗೆ ಶೇ. 67ರಲ್ಲಿ ನಿಲ್ಲುತ್ತೆ, ಮೂರು ತಳಿಯಾದರೆ ಶೇ. 86. ಕಷ್ಟ ಏನಂದ್ರೆ, ಅದಲುಬದಲಿಗೆ ಎರಡು ಮೂರು ಹುಲ್ಲುಗಾವಲು ಬೇರೆ ಬೇರೆ ಬೇಕು, ಪ್ರತಿ ಹಸುವಿನ ಅಪ್ಪ ಯಾವ ತಳಿ ಅಂತ ಕಿವಿ ಬಿಲ್ಲೆ ನೋಡಿದೊಡನೆ ಗೊತ್ತಾಗಬೇಕು.

ಹುಲ್ಲುಗಾವಲು
ಸಂಯುಕ್ತ ತಳಿಗೆ ದೊಡ್ಡ ಹಿಂಡು ಬೇಕು ಅನ್ನೋದನ್ನೂ ಸೇರಿಸಿ. ಒಂದೇ ಹೋರಿ ಇಟ್ಟುಕೊಂಡು ಅದರ ಮಕ್ಕಳನ್ನೇ ಕೂಡಿಸುತ್ತಾ ಹೋದರೆ ರಕ್ತ ಹತ್ತಿರವಾಗುತ್ತೆ. ಒಂದೇ ಅಪ್ಪನ ಮಕ್ಕಳನ್ನು ಕೂಡಿಸಿದರೆ ಕರುವಿನ ಒಳಸಂತಾನ ಪ್ರಮಾಣ ಶೇ. 12.5, ಅಪ್ಪ–ಮಗಳಾದರೆ 25. ಪ್ರತಿ ಒಂದು ಶೇಕಡಾಕ್ಕೆ ಹಾಲು ಬಿಡಿಸಿದ ತೂಕ ಸುಮಾರು ಅರ್ಧ ಕೆ.ಜಿ. ಇಳಿಯುತ್ತೆ. ಅಪ್ಪ–ಮಗಳ ಕರುವಿನಲ್ಲಿ ಹತ್ತು ಕೆ.ಜಿ. ಮೇಲೇ ಹೋಯ್ತು. ಹೆಟರೋಸಿಸ್ ಕೊಟ್ಟಿದ್ದನ್ನು ಇದು ಪೂರಾ ತಿಂದುಬಿಡುತ್ತೆ.

ದಪ್ಪಎಲುಬು
ಶೇ. 5 ಹೆಟರೋಸಿಸ್‌ಗೆ ಇಷ್ಟೊಂದು ಒದ್ದಾಟ ಬೇಕಾ? ಒಳ್ಳೆ ಶುದ್ಧ ತಳಿ ಹೋರಿ ತಂದರೆ ಅಷ್ಟು ತೂಕ ಬಂದೇ ಬರುತ್ತೆ.

ಗೊರಸು
ಕರುವಿನ ತೂಕ ಒಂದನ್ನೇ ನೋಡಿದರೆ ಹಾಗನಿಸೋದು ಸಹಜ. ಅಸಲಿ ಲಾಭ ಇರೋದು ಮಿಶ್ರತಳಿ *ಹಸು*ವಿನಲ್ಲಿ. ಬೇಗ ಬೆದೆಗೆ ಬರುತ್ತೆ, ಗಬ್ಬ ನಿಲ್ಲುತ್ತೆ, ಕರು ಉಳಿಸಿಕೊಳ್ಳುತ್ತೆ, ಹಾಲೂ ಹೆಚ್ಚು, ಹೆಚ್ಚು ವರ್ಷ ಹಿಂಡಿನಲ್ಲಿ ನಿಲ್ಲುತ್ತೆ. ಫಲವಂತಿಕೆಯ ಹೆರಿಟಬಿಲಿಟಿ ತೀರಾ ಕಡಿಮೆ, ಆರಿಸಿ ಆರಿಸಿ ಸುಧಾರಿಸೋಕೆ ತಲೆಮಾರುಗಳೇ ಬೇಕು. ಹೆಟರೋಸಿಸ್ ಜೋರಾಗಿ ಕೆಲಸ ಮಾಡೋದು ಅಂಥ ಗುಣಗಳಲ್ಲೇ.

ಹೋರಿಗೆ ಬಿಟ್ಟ ಪ್ರತಿ ಹಸುವಿಗೆ ಎಷ್ಟು ಕೆ.ಜಿ. ಕರು ಹಾಲು ಬಿಟ್ಟಿತು ಅನ್ನೋ ಅಳತೆಯಲ್ಲಿ ನೋಡಿ. ಯುರೋಪಿನ ಮೂಲದ ತಳಿಗಳ ನಡುವೆ ಕರು ಮಿಶ್ರವಾದರೆ ಸುಮಾರು ಶೇ. 8.5, ತಾಯಿಯೂ ಮಿಶ್ರವಾದರೆ ಅದರ ಮೇಲೆ ಇನ್ನೂ ಸುಮಾರು ಶೇ. 15. ಎರಡೂ ಸೇರಿ 23ರ ಹತ್ತಿರ. ಅದಕ್ಕೇ ತಕ್ಕಡಿಯವರಿಗೆ ಹೇಳೋದು: ಮಿಶ್ರ ಗಂಡುಗರುವಿನ ಚಿಂತೆ ಬಿಡಿ, ಅದರ ಅಕ್ಕತಂಗಿಯರನ್ನು ಉಳಿಸಿಕೊಳ್ಳಿ.

ಚೊಚ್ಚಲು
ಹಾಲಿನ ವಿಷಯ ಬಂತಲ್ಲ, ಹೋರಿಯ ಪಟ್ಟಿಯಲ್ಲಿ "ಮಿಲ್ಕ್ +20" ಅಂತಿದ್ದರೆ ಅದರ ಮಗಳು 20 ಪೌಂಡ್ ಹಾಲು ಹೆಚ್ಚು ಕೊಡುತ್ತಾ?

ಕೆಚ್ಚಲು
ಇಲ್ಲ. ಅದು ಕರುವಿನ ತೂಕ. ಆ ಹೋರಿಯ ಹೆಣ್ಣುಮಕ್ಕಳು ಹಾಕುವ ಕರುಗಳು, ತಾಯಿಯ ಹಾಲು ಮತ್ತು ಆರೈಕೆಯಿಂದಲೇ, ಸೊನ್ನೆ ಇರುವ ಹೋರಿಯ ಮೊಮ್ಮಕ್ಕಳಿಗಿಂತ ಸರಾಸರಿ 20 ಪೌಂಡ್ ಹೆಚ್ಚು ತೂಗುತ್ತವೆ ಅಂತ ಅರ್ಥ.

ಇಲ್ಲೊಂದು ಸೂಕ್ಷ್ಮ ಇದೆ. ಬೆಳವಣಿಗೆಯ ಜೀನಿಗೂ ತಾಯ್ತನದ ಜೀನಿಗೂ ವಿರುದ್ಧ ಸಂಬಂಧ ಅಂತ ಅನೇಕ ಲೆಕ್ಕಗಳು ತೋರಿಸುತ್ತವೆ. ಅದರಲ್ಲಿ ಒಂದಷ್ಟು ದಾಖಲೆಯ ದೋಷ, ಹೋರಿ ಒಂದೊಂದು ವರ್ಷದಲ್ಲಿ ಒಂದೊಂದು ಥರ ಕಾಣೋದನ್ನು ಲೆಕ್ಕದ ಮಾದರಿಗೆ ಸೇರಿಸದೆ ಬಿಟ್ಟಿರುತ್ತಾರೆ. ಇನ್ನೊಂದಷ್ಟು ಮೇವಿನದು. ಹೆಣ್ಣುಗರುವಿಗೆ ತಾಯಿ ಹಾಲಿನ ಜೊತೆ ಧಾರಾಳ ದಾಣಿ ಹಾಕಿದರೆ ಕೆಚ್ಚಲಲ್ಲಿ ಹಾಲಿನ ಅಂಗಾಂಶದ ಜಾಗಕ್ಕೆ ಕೊಬ್ಬು ಕೂರುತ್ತೆ. ಹಾಲು ಬಿಡಿಸುವಾಗ ಎಲ್ಲಕ್ಕಿಂತ ದುಂಡಗಿದ್ದ ಕಡಸು ಮುಂದೆ ತನ್ನ ಕರುವಿಗೆ ಹಾಲು ಸಾಲದೆ ನಿಲ್ಲುತ್ತೆ. ಆ ತಪ್ಪನ್ನು ಜೀನಿನ ತಲೆಗೆ ಕಟ್ಟಬಾರದು.

ಚೊಚ್ಚಲು
ಇಬಿವಿ, ಇಪಿಡಿ ಎರಡೂ ಒಂದೇನಾ?

ಬಿಲ್ಲೆ41
ಇಬಿವಿ ಪ್ರಾಣಿಯ ಪೂರ್ತಿ ತಳಿ ಮೌಲ್ಯ. ಇಪಿಡಿ ಅದರ ಅರ್ಧ, ಅಂದರೆ ಕರುವಿಗೆ ದಾಟೋದು. ಇಬಿವಿ +40 ಕೆ.ಜಿ. ಅಂದರೆ ಇಪಿಡಿ +20 ಕೆ.ಜಿ., ಪೌಂಡಿನಲ್ಲಿ 44. ಆದರೆ ಪರಿವರ್ತಿಸಿದ ಮಾತ್ರಕ್ಕೆ ಎರಡು ದೇಶದ, ಎರಡು ತಳಿಯ ಪಟ್ಟಿಗಳನ್ನು ಪಕ್ಕಪಕ್ಕ ಇಡಬೇಡಿ. ಪ್ರತಿ ಪಟ್ಟಿಯ ಸೊನ್ನೆ ಬೇರೆ. ಅಮೆರಿಕದ ತಳಿಗಳ ನಡುವೆ ಹೋಲಿಸೋಕೆ ಕ್ಲೇ ಸೆಂಟರ್ ಆಂಗಸನ್ನು ಸೊನ್ನೆಯಾಗಿಟ್ಟು ಹೊಂದಾಣಿಕೆ ಅಂಕಿ ಕೊಡುತ್ತೆ, ಅದನ್ನು ಸೇರಿಸಿ ಹೋಲಿಸಬೇಕು.

ನಾಲ್ಕುಕಾಲು
ತೂಕ ತೂಕ ಅಂತ ಎಲ್ಲರೂ ಹೇಳ್ತಿದ್ದೀರಿ, ಕರು ಹಾಕುವಾಗಿನ ತ್ರಾಸಿನ ಬಗ್ಗೆ ಯಾರೂ ಮಾತಾಡಿಲ್ಲ. ಹಾಲು ಬಿಡಿಸಿದ ತೂಕಕ್ಕೂ ಹುಟ್ಟುತೂಕಕ್ಕೂ ಜೀನಿನ ಸಂಬಂಧ 0.5ರ ಸುತ್ತ (ಸೊನ್ನೆ ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಜೊತೆಜೊತೆ). ಬರೀ ಬೆಳವಣಿಗೆಗೆ ಆರಿಸಿದರೆ ಹುಟ್ಟುತೂಕ ತಾನಾಗೇ ಏರುತ್ತೆ, ಚೊಚ್ಚಲು ಕಡಸುಗಳಲ್ಲಿ ಕರು ಸಿಕ್ಕಿಬೀಳುತ್ತೆ. ಬಲಿತ ಹಸುವಿನ ಗಾತ್ರವೂ ಏರುತ್ತೆ. ಹಸು ವರ್ಷವಿಡೀ ತಿನ್ನೋ ಶಕ್ತಿಯಲ್ಲಿ ಸುಮಾರು ಶೇ. 70 ಅದರ ಮೈ ಕಾಯೋಕೇ ಹೋಗುತ್ತೆ. ದೊಡ್ಡ ಹಸು ಅಂದರೆ ದಿನದಿನದ ಮೇವು ಹೆಚ್ಚು.

ಆದರೆ 0.5 ಅಂದರೆ 1 ಅಲ್ಲ. ಹಗುರಾಗಿ ಹುಟ್ಟಿ ಜೋರಾಗಿ ಬೆಳೆಯುವ ಹೋರಿಗಳು ಇವೆ, ಹುಡುಕಬೇಕು. ಕಡಸುಗಳಿಗೆ ಹೋರಿ ಆರಿಸುವಾಗ "ಕಾವಿಂಗ್ ಈಸ್" (ಕರು ಎಷ್ಟು ಸಲೀಸಾಗಿ ಹುಟ್ಟುತ್ತೆ ಅನ್ನೋ) ಅಂಕಿ ಒಂದನ್ನೇ ನೋಡಿ. ಹುಟ್ಟುತೂಕದ ಮಾಹಿತಿ ಅದರೊಳಗೇ ಸೇರಿರುತ್ತೆ. ಎರಡನ್ನೂ ನೋಡಿದರೆ ಒಂದೇ ಗುಣಕ್ಕೆ ಎರಡು ಸಲ ಶಿಕ್ಷೆ ಕೊಟ್ಟ ಹಾಗೆ.

ಡುಬ್ಬ
ಬ್ರಾಹ್ಮನ್ ಸೇರಿಸುವವರು ಇನ್ನೂ ಎಚ್ಚರವಾಗಿರಬೇಕು. ಬ್ರಾಹ್ಮನ್ ಹೋರಿಯನ್ನು ಹೆರೆಫರ್ಡ್ ಹಸುವಿಗೆ ಬಿಟ್ಟರೆ ಹುಟ್ಟುವ ಕರು ತುಂಬಾ ಭಾರ, ಅದರಲ್ಲೂ ಗಂಡುಗರು. ಅದೇ ಹೆರೆಫರ್ಡ್ ಹೋರಿಯನ್ನು ಬ್ರಾಹ್ಮನ್ ಹಸುವಿಗೆ ಬಿಟ್ಟರೆ ಕರು ಹಗುರ, ಗಂಡುಹೆಣ್ಣಿನ ತೂಕದಲ್ಲಿ ಹೆಚ್ಚು ವ್ಯತ್ಯಾಸವೂ ಇರಲ್ಲ. ತಳಿಗಳು ಅವೇ ಎರಡು, ಅಪ್ಪ ಅಮ್ಮ ಅದಲುಬದಲು ಅಷ್ಟೆ.

ದಪ್ಪಎಲುಬು
ಬ್ರಾಹ್ಮನ್ ಹಸುವಿನ ಗರ್ಭದಲ್ಲಿ ಜಾಗ ಕಡಿಮೆ, ಅದಕ್ಕೆ ಕರು ಸಣ್ಣದು. ಅಷ್ಟೇ ವಿಷಯ.

ಡುಬ್ಬ
ಅಷ್ಟೇ ಆಗಿದ್ದರೆ ಭ್ರೂಣ ವರ್ಗಾವಣೆ ಮಾಡಿದಾಗ ವ್ಯತ್ಯಾಸ ಅಳಿಸಿಹೋಗಬೇಕಿತ್ತು. ಎರಡೂ ಬಗೆಯ ಭ್ರೂಣಗಳನ್ನು ಒಂದೇ ಥರದ ಬಾಡಿಗೆ ತಾಯಂದಿರಲ್ಲಿ ಬೆಳೆಸಿ ನೋಡಿದ್ದಾರೆ, ವ್ಯತ್ಯಾಸ ಉಳಿಯಿತು. ಗರ್ಭದ ಪ್ರಭಾವ ಇದೆ, ಆದರೆ ಜೀನ್ ಅಪ್ಪನಿಂದ ಬಂತೋ ಅಮ್ಮನಿಂದ ಬಂತೋ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಐಜಿಎಫ್2 ಜೀನ್ ಇದಕ್ಕೆ ಹೆಸರುವಾಸಿ: ಭ್ರೂಣದಲ್ಲಿ ಕೆಲಸ ಮಾಡೋದು ಅಪ್ಪನಿಂದ ಬಂದ ಪ್ರತಿ, ಅಮ್ಮನದು ಸುಮ್ಮನಿರುತ್ತೆ. ಆದರೆ ಬ್ರಾಹ್ಮನ್ ವ್ಯತ್ಯಾಸಕ್ಕೆ ಈ ಒಂದು ಜೀನೇ ಕಾರಣ ಅಂತ ತೀರ್ಮಾನ ಆಗಿಲ್ಲ.

ನಾಲ್ಕುಕಾಲು
ಹಾಗಾಗಿ ಚೊಚ್ಚಲು ಕಡಸಿಗೆ ಬ್ರಾಹ್ಮನ್ ಹೋರಿ ಬೇಡವೇ ಬೇಡ. ಗಬ್ಬದ ಅವಧಿಯೂ ಯುರೋಪಿನ ತಳಿಗಿಂತ ಒಂದು ವಾರಕ್ಕೂ ಹೆಚ್ಚು ಉದ್ದ. ಹೋರಿಗೆ ಬಿಟ್ಟ ದಿನ ಬರೆದಿಡಿ.

ಚೊಚ್ಚಲು
ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಇದೆಲ್ಲ ಒಂದೇ ಸಲಕ್ಕೆ ಗೊತ್ತಾಗಲ್ವಾ?

ಹಿಂಡುಲೆಕ್ಕ
ಬೆಳವಣಿಗೆ ಒಂದೆರಡು ಜೀನಿನ ಆಟ ಅಲ್ಲ. ದೊಡ್ಡ ಪರಿಣಾಮದ ಕೆಲವು ಜಾಗ ಸಿಕ್ಕಿವೆ: 6ನೇ ಕ್ರೋಮೋಸೋಮಿನಲ್ಲಿ ಎನ್‌ಸಿಎಪಿಜಿ–ಎಲ್‌ಸಿಓಆರ್‌ಎಲ್ ಭಾಗ, 14ರಲ್ಲಿ ಪ್ಲ್ಯಾಗ್1. ಎರಡೂ ಹುಟ್ಟುತೂಕವನ್ನೂ ಜೊತೆಯಲ್ಲೇ ಏರಿಸುತ್ತವೆ, ಅದನ್ನು ಮರೀಬೇಡಿ. ಉಳಿದದ್ದು ಸಾವಿರಾರು ಸಣ್ಣ ಸಣ್ಣ ಪರಿಣಾಮಗಳ ಮೊತ್ತ.

ಡಿಎನ್‌ಎ ಪರೀಕ್ಷೆಯ ಚಿಪ್ ಓದುವ ಗುರುತುಗಳು ಬಹುಪಾಲು ಜೀನ್ ಅಲ್ಲ, ಜೀನಿನ ಪಕ್ಕದ ಮನೆ. ಆಂಗಸ್‌ನಲ್ಲಿ ಯಾವ ಗುರುತಿನ ಪಕ್ಕ ಒಳ್ಳೆ ಜೀನ್ ಇದೆಯೋ, ಬ್ರಾಹ್ಮನ್‌ನಲ್ಲಿ ಅದೇ ಗುರುತಿನ ಪಕ್ಕ ಬೇರೆಯದೇ ಇರಬಹುದು. ಒಂದು ತಳಿಯ ಮೇಲೆ ತಯಾರಾದ ಪರೀಕ್ಷೆಯನ್ನು ಇನ್ನೊಂದು ತಳಿಯ, ಮಿಶ್ರತಳಿಯ ಕರುವಿನ ಮೇಲೆ ನಂಬಬೇಡಿ. ತೂಕ, ವಂಶಾವಳಿ, ಡಿಎನ್‌ಎ ಮೂರನ್ನೂ ಸೇರಿಸಿ, ಹಲವು ತಳಿಗಳನ್ನು ಒಟ್ಟಿಗೆ ಅಳೆಯುವ ಮೌಲ್ಯಮಾಪನ ಇದ್ದರೆ ಅದು ಬೇರೆ ಮಾತು. ಅಲ್ಲಿ ಮಿಶ್ರ ಹೋರಿಯ ಇಪಿಡಿಗೂ ಅರ್ಥ ಇದೆ.

ಡುಬ್ಬ
ಒಂದೇ ಜೀನಿನ ಆಟ ನೋಡಬೇಕಾದರೆ ಮಯೋಸ್ಟಾಟಿನ್ ನೋಡಿ, ಮಾಂಸಖಂಡದ ಬೆಳವಣಿಗೆಗೆ ಕಡಿವಾಣ ಹಾಕೋ ಜೀನ್ ಅದು. ಬೆಲ್ಜಿಯನ್ ಬ್ಲೂ ತಳಿಯಲ್ಲಿ ಆ ಜೀನಿನ 11 ಅಕ್ಷರ ಬಿಟ್ಟುಹೋಗಿವೆ, ಗೊತ್ತಾಗಿದ್ದು 1997ರಲ್ಲಿ. ಪೀಡ್‌ಮೊಂಟೀಸ್‌ನಲ್ಲಿ ಬೇರೆ ಬದಲಾವಣೆ, ಲಿಮೋಸಿನ್‌ನಲ್ಲಿ ಇನ್ನೊಂದು, ಅದರ ಪರಿಣಾಮ ಕಮ್ಮಿ. ಬ್ಲೂ ಹೋರಿಯನ್ನು ಸಾಮಾನ್ಯ ಹಸುವಿಗೆ ಬಿಟ್ಟರೆ ಪ್ರತಿ ಕರುವಿಗೂ ಒಂದು ಪ್ರತಿ ಮಾತ್ರ, ಮಾಂಸ ಹೆಚ್ಚು, ಕರು ಹಾಕುವ ತ್ರಾಸು ಹಿಡಿತದಲ್ಲಿ. ಆ ಹೆಣ್ಣುಗರುಗಳನ್ನು ಉಳಿಸಿಕೊಂಡು ಮತ್ತೆ ಬ್ಲೂ ಹೋರಿಗೇ ಬಿಟ್ಟರೆ ಅರ್ಧ ಕರುಗಳಿಗೆ ಎರಡು ಪ್ರತಿ, ಹೊಟ್ಟೆ ಕೊಯ್ದು ಕರು ತೆಗೆಯೋ ಪರಿಸ್ಥಿತಿ. ಬ್ಲೂ ಕೊನೆಯ ಸಂಕರಕ್ಕೆ ಮಾತ್ರ, ಹೆಣ್ಣನ್ನೂ ಉಳಿಸಬಾರದು.

ತಕ್ಕಡಿ
ಎಲ್ಲ ಬರೆದುಕೊಂಡೆ. 268ರ ಕರುವನ್ನು ಬೀಜ ಒಡೆಸೋದು, ಅಕ್ಕತಂಗಿಯರನ್ನು ಇಟ್ಟುಕೊಂಡು ಮೂರನೇ ತಳಿಯ ಹೋರಿ ತರೋದು. ಹೊಂದಿಸಿದ ತೂಕ 273 ಬಂದ ಆ ಚೊಚ್ಚಲಿನ ಕರು?

ಬಿಲ್ಲೆ41
ಹಿಂಡುಲೆಕ್ಕದವರ ಹಾಗೆ ಲೆಕ್ಕ ಹಾಕಿದರೆ 41 ಕೆ.ಜಿ. ಮೇಲೆ, ತಳಿ ಮೌಲ್ಯ 10, ಕರುವಿಗೆ ದಾಟೋದು 5. ಹೆರೆಫರ್ಡ್ ಹಸುಗಳಿಗೆ ಬಿಟ್ಟರೆ ಕಳೆಯೋ 6ನ್ನು ಇದೂ ತುಂಬಲ್ಲ. ಮೂರನೇ ತಳಿಯ ಹಸುಗಳಿದ್ದರೆ ಯೋಚಿಸಬಹುದು. ಅದರ ತಾಯಿಯ ಮೇಲೆ ಮಾತ್ರ ಕಣ್ಣಿಡಿ, ಮುಂದಿನ ಸೂಲಿನ ಕರುವೂ ಹೀಗೇ ಬಂದರೆ ಆ ಹಸು ಉಳಿಸಿಕೊಳ್ಳೋ ಹಸು.

ಚೊಚ್ಚಲು
ಹುಟ್ಟುತೂಕ ಟೇಪಿನಲ್ಲಿ ತೆಗೆದರೆ ಸಾಕಾ?

ನಾಲ್ಕುಕಾಲು
ಗೊರಸಿನ ಮೇಲೆ, ಕೂದಲು ಶುರುವಾಗೋ ಅಂಚಿನಲ್ಲಿ ಸುತ್ತುವ ಟೇಪು ಕೆಲಸಕ್ಕೆ ಬರುತ್ತೆ, ಆದರೆ ಪ್ರತಿ ಸಲ ಒಬ್ಬರೇ, ಒಂದೇ ಕಾಲಿಗೆ, ಒಂದೇ ಬಿಗಿಯಲ್ಲಿ ಅಳೆಯಬೇಕು. ತೂಗುಕೊಕ್ಕೆ, ಜೋಲಿ ಇದ್ದರೆ ಇನ್ನೂ ಒಳ್ಳೇದು. 24 ಗಂಟೆಯೊಳಗೆ ತೂಗಿ, ಜೋಲಿಯ ತೂಕ ಕಳೆಯಿರಿ, ಸತ್ತು ಹುಟ್ಟಿದ್ದನ್ನೂ ತೂಗಿ. ಅಂದಾಜಿನಲ್ಲಿ ಎಲ್ಲಕ್ಕೂ 35 ಅಂತ ಬರೆಯಬೇಡಿ. ಭಾರದ ಕರುವಿಗೆ ಕಡಿಮೆ, ಹಗುರದ್ದಕ್ಕೆ ಹೆಚ್ಚು ಬರೆದಂತಾಗುತ್ತೆ, ಯಾವ ಹೋರಿ ಕಡಸಿಗೆ ಅಪಾಯ ಅಂತ ಆ ದಾಖಲೆಯಿಂದ ಗೊತ್ತೇ ಆಗಲ್ಲ.

ಕೆಚ್ಚಲು
ಮೊದಲು ಗಿಣ್ಣುಹಾಲು ಕುಡಿಯಲಿ, ಆಮೇಲೆ ತೂಗಿ. ಹುಟ್ಟಿದ ಕೂಡಲೇ ಎತ್ತಿಕೊಂಡು ಹೋದರೆ ಚೊಚ್ಚಲು ತಾಯಿ ಕರುವನ್ನು ಹತ್ತಿರ ಸೇರಿಸದೆ ಹೋಗಬಹುದು.